ಒಂದು ದಿನ ಆಸ್ಪತ್ರೆ, ಇಪ್ಪತ್ತು ದಿನ ಮನೆ: ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಸಂಗಾತಿಯ ಆರೈಕೆ

ಬಾಗಿಲ ಪರದೆ ಸರಿಸಿ ಹೊರಬಂದ ನರ್ಸ್ "ಪೇಷಂಟ್ ಕಡೆಯವರು ಯಾರು?" ಎಂದು ಕೇಳಿದಾಗ ಬೆಂಚಿನಿಂದ ಎದ್ದು ನಿಲ್ಲುವವರು ಬಹುತೇಕ ರೋಗಿಯ ಗಂಡ ಇಲ್ಲವೇ ಹೆಂಡತಿಯಾಗಿರುತ್ತಾರೆ. ಅಲ್ಲಿಂದ ಮುಂದೆ ಫೈಲು ಹಿಡಿಯುವುದು, ಔಷಧಿ ತರುವುದು, ಸಹಿ ಹಾಕುವುದು, ಮುಂದಿನ ತಾರೀಖು ನೆನಪಿಡುವುದು ಎಲ್ಲವೂ ಆ ಒಬ್ಬರ ಪಾಲಿಗೆ ಬರುತ್ತದೆ. ಆ ಕೆಲಸಕ್ಕೆ ಬೇಕಾದ ತಿಳಿವಳಿಕೆಯನ್ನು ಮಾತ್ರ ಯಾರೂ ಕೂಡಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ.

ಬಳ್ಳಾರಿಯವನಾದ ನಾನೂ ಆ ಬೆಂಚಿನ ಮೇಲೆ ಕುಳಿತವನು. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಶಸ್ತ್ರಚಿಕಿತ್ಸೆ, ಎಂಟು ಸುತ್ತು ಕೀಮೋ, ಮೂರು ವಾರ ರೇಡಿಯೇಷನ್ ನಡೆದವು. ಅಷ್ಟರಲ್ಲಿ ನನಗೆ ಮನವರಿಕೆಯಾದ ಸಂಗತಿಯೆಂದರೆ, ಮೂರು ವಾರಗಳ ಒಂದು ಸುತ್ತಿನಲ್ಲಿ ರೋಗಿ ಆಸ್ಪತ್ರೆಯಲ್ಲಿರುವುದು ಒಂದು ದಿನ, ಉಳಿದ ಇಪ್ಪತ್ತು ದಿನ ಮನೆಯಲ್ಲಿ. ಔಷಧಿಯ ಅಡ್ಡಪರಿಣಾಮಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಆ ಇಪ್ಪತ್ತು ದಿನಗಳಲ್ಲಿಯೇ. ಯಾವುದು ಯಾವ ದಿನ, ಯಾಕೆ ಬರುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಅರ್ಧ ಗಾಬರಿ ತಪ್ಪುತ್ತದೆ. ಕೆಲವೊಮ್ಮೆ ಜೀವವೇ ಉಳಿಯುತ್ತದೆ. ಇಲ್ಲಿ ಹೇಳುವುದೆಲ್ಲ ಸಾಮಾನ್ಯ ತಿಳಿವಳಿಕೆ. ನಿಮ್ಮ ಮನೆಯ ರೋಗಿಗೆ ಕೊಡುತ್ತಿರುವ ಔಷಧಿ ಬೇರೆಯಿರಬಹುದು, ಆದ್ದರಿಂದ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಮಾತೇ ಕೊನೆಯ ಮಾತು.

ಮೊದಲು ಕೆಲವು ಪದಗಳು

ದೇಹದಲ್ಲಿ ಹಳೆಯ ಜೀವಕೋಶಗಳು ಸತ್ತು ಹೊಸವು ಹುಟ್ಟುವುದಕ್ಕೆ ಒಂದು ಅಂಕೆಯಿದೆ. ಆ ಅಂಕೆ ತಪ್ಪಿ, ಸಾಯಬೇಕಾದ ಕೋಶಗಳು ಸಾಯದೆ ಬೆಳೆಯುತ್ತ, ಪಕ್ಕದ ಭಾಗಕ್ಕೂ ದೂರದ ಅಂಗಗಳಿಗೂ ಹಬ್ಬುವ ರೋಗವೇ ಕ್ಯಾನ್ಸರ್. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಒಬ್ಬರಿಂದ ಇನ್ನೊಬ್ಬರಿಗೆ ಹತ್ತುವುದಿಲ್ಲ.

ಗಡ್ಡೆಯ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಬಯಾಪ್ಸಿ. "ಸೂಜಿ ತಾಗಿದರೆ ಗಡ್ಡೆ ಕೆರಳುತ್ತದೆ" ಎಂಬ ಮಾತನ್ನು ನಂಬಿ ಅದನ್ನು ಮುಂದೂಡುವವರಿದ್ದಾರೆ. ಆದರೆ ಇದು ಯಾವ ಜಾತಿಯ ಕ್ಯಾನ್ಸರ್, ಯಾವ ಔಷಧಿಗೆ ಬಗ್ಗುತ್ತದೆ ಎಂಬುದನ್ನು ಆ ಚೂರೇ ಹೇಳಬೇಕು. ರೋಗ ಎಷ್ಟು ದೂರ ಹಬ್ಬಿದೆ ಎಂಬುದರ ಅಳತೆ ಹಂತ, ಅಂದರೆ ಸ್ಟೇಜ್. ಒಂದರಿಂದ ನಾಲ್ಕರವರೆಗೆ ಎಣಿಸುವ ಈ ಸಂಖ್ಯೆ ರೋಗಿ ಎಷ್ಟು ದಿನ ಬದುಕುತ್ತಾರೆ ಎಂಬುದರ ಲೆಕ್ಕವಲ್ಲ. ಇಂದಿನ ಚಿಕಿತ್ಸೆಗಳಿಂದ ಕೆಲವು ಕ್ಯಾನ್ಸರ್‌ಗಳಲ್ಲಿ ನಾಲ್ಕನೆಯ ಹಂತದವರೂ ಹಲವು ವರ್ಷ ಬಾಳುತ್ತಾರೆ.

ಚಿಕಿತ್ಸೆಯಲ್ಲಿ ಮುಖ್ಯವಾದವು ಮೂರು. ಗಡ್ಡೆಯನ್ನು ಕತ್ತರಿಸಿ ತೆಗೆಯುವುದು ಶಸ್ತ್ರಚಿಕಿತ್ಸೆ. ರಕ್ತದ ಮೂಲಕ ಇಡೀ ದೇಹಕ್ಕೆ ತಲುಪುವ ಔಷಧಿ ಕೀಮೋ. ನಮ್ಮ ಕಡೆ ಜನ "ಕರೆಂಟು ಕೊಡುವುದು" ಎನ್ನುವುದು ರೇಡಿಯೇಷನ್. ಇದರಲ್ಲಿ ವಿದ್ಯುತ್ತನ್ನು ಮೈಗೆ ಹಾಯಿಸುವುದಿಲ್ಲ, ಎಕ್ಸ್‌ರೇಯಂತಹ ಆದರೆ ಅದಕ್ಕಿಂತ ಬಹಳ ಬಲವಾದ ಕಿರಣಗಳನ್ನು ಒಂದೇ ಜಾಗಕ್ಕೆ ಗುರಿಯಿಟ್ಟು ಬಿಡುತ್ತಾರೆ. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ರೋಗಿಯಿಂದ ರೋಗಿಗೆ ಬದಲಾಗುತ್ತದೆ. ಗಡ್ಡೆಯನ್ನು ಕುಗ್ಗಿಸಲೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೋ ಕೊಡುವುದುಂಟು. ಪಕ್ಕದ ಹಾಸಿಗೆಯವರಿಗೆ ಕೊಟ್ಟ ಕ್ರಮ ನಮಗೆ ಕೊಡಲಿಲ್ಲವೆಂದು ಸಂಶಯಪಡಬೇಕಾಗಿಲ್ಲ.

ಔಷಧಿ ಒಳಗೆ ಹೋಗಿ ಮಾಡುವುದೇನು?

ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಕಳೆನಾಶಕ ಹೊಡೆದರೆ ಕಳೆ ಸಾಯುತ್ತದೆ, ಆದರೆ ಎಳೆಯ ಪೈರಿಗೂ ಸ್ವಲ್ಪ ಏಟು ಬಿದ್ದು ಎಲೆ ಹಳದಿಗಟ್ಟುತ್ತದೆ. ಕೆಲವು ದಿನಗಳಲ್ಲಿ ಪೈರು ಚೇತರಿಸಿಕೊಳ್ಳುತ್ತದೆ. ಕೀಮೋ ಔಷಧಿಗಳಲ್ಲಿ ಹೆಚ್ಚಿನವು ವೇಗವಾಗಿ ಹುಟ್ಟಿ ಬೆಳೆಯುವ ಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶದ ಗುಣ ಅದೇ. ಆದರೆ ನಮ್ಮ ಆರೋಗ್ಯವಂತ ದೇಹದಲ್ಲಿಯೂ ವೇಗವಾಗಿ ಬೆಳೆಯುವ ಜಾಗಗಳಿವೆ: ಕೂದಲಿನ ಬುಡ, ಬಾಯಿಯ ಒಳಪದರ, ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ. ಏಟು ಅಲ್ಲಿಗೂ ಬೀಳುತ್ತದೆ. ಆದ್ದರಿಂದಲೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಭೇದಿಯಾಗುವುದು, ರಕ್ತಕಣ ಇಳಿಯುವುದು.

ಇವುಗಳಲ್ಲಿ ಮನೆಯವರು ಚೆನ್ನಾಗಿ ತಿಳಿದುಕೊಳ್ಳಬೇಕಾದದ್ದು ಮಜ್ಜೆಯ ವಿಷಯ. ಮಜ್ಜೆಯೆಂದರೆ ರಕ್ತಕಣಗಳ ಸಸಿಮಡಿ ಎಂದುಕೊಳ್ಳಿ. ಎಲ್ಲ ಬಗೆಯ ರಕ್ತಕಣಗಳೂ ಅಲ್ಲಿ ಬೆಳೆದು ರಕ್ತಕ್ಕೆ ಬರುತ್ತವೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದು ವಾರದಿಂದ ಹತ್ತು ದಿನ. ಸೋಂಕಿನೊಂದಿಗೆ ಮೊದಲು ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಆಯಸ್ಸು ಮಾತ್ರ ಕೆಲವು ಗಂಟೆಗಳಿಂದ ಕೆಲವೇ ದಿನ. ಸಸಿಮಡಿಗೆ ಪೆಟ್ಟು ಬಿದ್ದಾಗ ಅಲ್ಪಾಯುಷಿಗಳ ಕೊರತೆ ಮೊದಲು ಕಾಣುತ್ತದೆ. ಕೀಮೋ ಕೊಟ್ಟ ಸುಮಾರು ಏಳನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ ಬಿಳಿಕಣಗಳ ಸಂಖ್ಯೆ ಅತ್ಯಂತ ಕೆಳಗಿಳಿಯುವುದು ಈ ಕಾರಣಕ್ಕೆ. ಮುಂದಿನ ಸುತ್ತಿಗೆ ಮೂರು ವಾರ ಬಿಡುವುದು ಸಸಿಮಡಿ ಮತ್ತೆ ಚಿಗುರಲೆಂದು. ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಕೊಡುವ ಕ್ರಮಗಳೂ ಇವೆ. ಅವುಗಳ ಲೆಕ್ಕ ಬೇರೆ.

ಇಪ್ಪತ್ತೊಂದು ದಿನಗಳ ಲೆಕ್ಕ

ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೀಮೋ ಆದ ದಿನಕ್ಕೆ ಕೆಂಪು ಪೆನ್ನಿನಿಂದ 1 ಎಂದು ಬರೆದು, ಅಲ್ಲಿಂದ 21ರವರೆಗೆ ಎಣಿಸುತ್ತಿದ್ದೆ. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಅದು ಪಂಚಾಂಗದಷ್ಟೇ ನಂಬಿಕೆಗೆ ಅರ್ಹವಾಯಿತು.

ಮೊದಲ ಎರಡು ದಿನ ರೋಗಿ ಅಚ್ಚರಿಯಾಗುವಷ್ಟು ಚೆನ್ನಾಗಿರುತ್ತಾರೆ, ಮಾತನಾಡುತ್ತಾರೆ, ರಾತ್ರಿ ನಿದ್ದೆಯೇ ಹತ್ತುವುದಿಲ್ಲ. ವಾಂತಿ ತಡೆಯಲೆಂದು ಕೀಮೋ ಜೊತೆಗೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಇದಕ್ಕೆ ಕಾರಣ. ಸಕ್ಕರೆ ಕಾಯಿಲೆ ಇರುವವರಿಗೆ ಈ ದಿನಗಳಲ್ಲಿ ರಕ್ತದ ಸಕ್ಕರೆ ಏರುತ್ತದೆ, ಪರೀಕ್ಷಿಸಿಕೊಳ್ಳಬೇಕು. ಮೂರನೆಯ ದಿನ ಸ್ಟೆರಾಯ್ಡಿನ ಬಲ ಇಳಿದಾಗ ಮನುಷ್ಯ ಕುಸಿಯುತ್ತಾರೆ. ನನಗೆ ಇದು ಗೊತ್ತಿರಲಿಲ್ಲ. ಮೊದಲ ಎರಡು ದಿನ ಅವಳ ಲವಲವಿಕೆ ನೋಡಿ ನಾನು ಕೆಲಸಕ್ಕೆ ಹೋಗಿಬಿಟ್ಟೆ. ಮೂರನೆಯ ದಿನ ಸಂಜೆ ಮನೆಗೆ ಬಂದರೆ ನೆಲದ ಮೇಲೆ ಚಾಪೆ ಹಾಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಬೆಳಿಗ್ಗೆ ಮುಚ್ಚಿಟ್ಟ ಊಟ ಹಾಗೆಯೇ ಇತ್ತು. ರಜೆ ಹಾಕುವುದಿದ್ದರೆ ಮೊದಲ ದಿನಕ್ಕಿಂತ ಮೂರು, ನಾಲ್ಕು, ಐದನೆಯ ದಿನಗಳಿಗೆ ಹಾಕುವುದು ಹೆಚ್ಚು ಉಪಯೋಗ ಎಂಬುದನ್ನು ಅಂದು ಕಲಿತೆ.

ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಿ ಕೊಟ್ಟಿದ್ದರೆ ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತದೆ. ಅದು ರಕ್ತವಲ್ಲ, ಔಷಧಿಯ ಬಣ್ಣ. ಆದರೆ ಬಣ್ಣ ಆಮೇಲೂ ಹೋಗದಿದ್ದರೆ, ಉರಿ ಇದ್ದರೆ ಕೇಳಲೇಬೇಕು. ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಮಾತ್ರೆ ಮಲಬದ್ಧತೆ ತರುತ್ತದೆ. ಎರಡನೆಯ ಮೂರನೆಯ ವಾರದ ನಡುವೆ ಕೂದಲು ಉದುರತೊಡಗುತ್ತದೆ, ದಿಂಬಿನ ಮೇಲೆ ಎಳೆಎಳೆಯಾಗಿ ಕಾಣುತ್ತದೆ. ಮೂರನೆಯ ವಾರದಲ್ಲಿ ಬಾಯಿಗೆ ರುಚಿ ಮರಳುತ್ತದೆ, ನಡೆದಾಡುವ ಮನಸ್ಸಾಗುತ್ತದೆ. ಮದುವೆ, ಜಾತ್ರೆಯಂತಹ ಗುಂಪಿನ ಕಡೆಗೆ ಹೋಗದೆ, ಅವರಿಗೆ ಇಷ್ಟವಾದ ಸಣ್ಣಪುಟ್ಟ ಕೆಲಸಗಳನ್ನು ಇಟ್ಟುಕೊಳ್ಳಬೇಕಾದ ವಾರವಿದು. ನನ್ನ ಹೆಂಡತಿ ಪ್ರತಿ ಸುತ್ತಿನ ಮೂರನೆಯ ವಾರ ತಾನೇ ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿಯುತ್ತಿದ್ದಳು.

100.4: ನೆನಪಿಡಬೇಕಾದ ಒಂದೇ ಅಂಕಿ

ಕೀಮೋ ನಡೆಯುತ್ತಿರುವ ರೋಗಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ಬೆಳಗಾಗಲಿ ಎಂದು ಕಾಯುವಂತಿಲ್ಲ. ಬಿಳಿಕಣಗಳು ಕಡಿಮೆಯಿದ್ದಾಗ ಸಣ್ಣ ಸೋಂಕೂ ಗಂಟೆಗಳೊಳಗೆ ರಕ್ತಕ್ಕೆ ಹರಡಿ ಪ್ರಾಣಕ್ಕೆ ಕುತ್ತು ತರಬಹುದು. ಮಾಮೂಲಿ ಸೋಂಕಿನಲ್ಲಿ ಕೀವು, ಊತ, ಕೆಂಪು ಕಾಣುವುದು ಬಿಳಿಕಣಗಳು ಅಲ್ಲಿ ಸೇರಿ ಕಾದಾಡುವುದರಿಂದ; ಕಾದಾಡುವವರೇ ಇಲ್ಲದಾಗ ಆ ಗುರುತುಗಳೂ ಇರುವುದಿಲ್ಲ, ಹೊರಗೆ ಕಾಣುವ ಸುಳಿವು ಬಹಳ ಸಲ ಜ್ವರವೊಂದೇ. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಶುರುವಾಗಬೇಕೆಂಬುದು ವೈದ್ಯರು ಪಾಲಿಸುವ ಗುರಿ.

ಬಳ್ಳಾರಿ, ರಾಯಚೂರುಗಳ ಬೇಸಿಗೆಯಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗೋಡೆ, ಹಾಸಿಗೆ, ಹಣೆ ಎಲ್ಲವೂ ಬಿಸಿಯೇ. ಎರಡನೆಯ ಸುತ್ತಿನ ಹತ್ತನೆಯ ದಿನ ರಾತ್ರಿ ನಾನು ಅವಳ ಹಣೆ ಮುಟ್ಟಿ ನೋಡಿ, ಇದು ಸೆಕೆಯ ಕಾವು ಎಂದುಕೊಂಡು, ಒಂದು ಪ್ಯಾರಾಸಿಟಮಾಲ್ ಕೊಟ್ಟು ಒದ್ದೆ ಬಟ್ಟೆ ಹಾಕಿದೆ. ಮಾತ್ರೆಯಿಂದ ಕಾವು ಇಳಿಯಿತು, ಸೋಂಕು ಇಳಿಯಲಿಲ್ಲ. ನಸುಕಿನಲ್ಲಿ ಅವಳಿಗೆ ನಡುಕ ಹತ್ತಿದಾಗ ಕರೆದುಕೊಂಡು ಓಡಿದೆ. ಐದು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ನಾನು ಮಾಡಿದ ತಪ್ಪು ಎರಡು. ಕೈಯಿಂದ ಮುಟ್ಟಿ ನೋಡಿದ್ದು ಒಂದು, ವೈದ್ಯರನ್ನು ಕೇಳುವ ಮೊದಲೇ ಜ್ವರದ ಮಾತ್ರೆ ಕೊಟ್ಟು ಇದ್ದ ಒಂದೇ ಸುಳಿವನ್ನು ಮುಚ್ಚಿಹಾಕಿದ್ದು ಇನ್ನೊಂದು.

ಹೀಗಾಗಿ ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿ ಇರಲೇಬೇಕು. ಬಿಸಿ ಚಹಾ ಅಥವಾ ತಣ್ಣೀರು ಕುಡಿದ ಕೂಡಲೇ ಬಾಯಲ್ಲಿಟ್ಟರೆ ತಪ್ಪು ಅಂಕಿ ತೋರಿಸುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಜ್ವರವಿಲ್ಲದಿದ್ದರೂ ನಡುಕ, ಉಸಿರಾಟದ ತೊಂದರೆ, ನಿಲ್ಲದ ವಾಂತಿ ಅಥವಾ ಭೇದಿ, ವಸಡಿನಿಂದ ರಕ್ತ, ಗೊಂದಲದ ಮಾತು ಕಂಡರೂ ತಡಮಾಡಬಾರದು. ಹತ್ತಿರದ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿಯೇ ಹೇಳಬೇಕಾದ ವಾಕ್ಯ "ಕೀಮೋ ನಡೆಯುತ್ತಿದೆ, ಇಂದಿಗೆ ಇಷ್ಟನೆಯ ದಿನ, ಜ್ವರ ಇಷ್ಟಿದೆ" ಎಂಬುದು. ಇಷ್ಟು ಹೇಳದಿದ್ದರೆ ರೋಗಿಯನ್ನು ಮಾಮೂಲಿ ಜ್ವರದವರ ಸಾಲಿನಲ್ಲಿ ಕೂಡಿಸುವ ಸಂಭವವಿದೆ.

ಬಿಳಿಕಣ ಹೆಚ್ಚಿಸುವ ಸೂಜಿಯನ್ನು ಕೆಲವರಿಗೆ ಕೀಮೋ ಆದ 24 ಗಂಟೆಗಳ ನಂತರ ಹಾಕಬೇಕಾಗುತ್ತದೆ. ಊರಿಗೆ ಹಿಂತಿರುಗಿ ಸ್ಥಳೀಯವಾಗಿ ಹಾಕಿಸಿಕೊಳ್ಳಿ ಎಂದು ಡಬ್ಬಿಯನ್ನು ಕೈಗೆ ಕೊಡುತ್ತಾರೆ. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಬೆಂಗಳೂರಿನಿಂದ ಬಳ್ಳಾರಿಯವರೆಗೆ ಸುಮಾರು 300 ಕಿಲೋಮೀಟರ್ ದಾರಿಯುದ್ದಕ್ಕೂ ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೇನೆ. ಸೂಜಿ ನೇರವಾಗಿ ಐಸ್‌ಗೆ ತಾಗದಂತೆ ನಡುವೆ ಬಟ್ಟೆ ಸುತ್ತಬೇಕು. ಮನೆಯ ಫ್ರಿಜ್‌ನಲ್ಲಿ ಮೇಲಿನ ಐಸ್ ಪೆಟ್ಟಿಗೆಯಲ್ಲಿ ಇಡಬಾರದು. ಸೂಜಿಯ ನಂತರ ಒಂದೆರಡು ದಿನ ಸೊಂಟ, ತೊಡೆಯ ಮೂಳೆಗಳು ನೋಯುತ್ತವೆ. ಅದು ಮಜ್ಜೆ ಕೆಲಸ ಮಾಡುತ್ತಿರುವ ನೋವು.

ಅಡುಗೆಮನೆಯಲ್ಲಿ ಬದಲಾಗಬೇಕಾದದ್ದು

ರೋಗಿಗೆ ವಾಕರಿಕೆ ತರುವುದು ಎಷ್ಟೋ ಸಲ ಅನ್ನಕ್ಕಿಂತ ಅದರ ವಾಸನೆ. ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ನಮ್ಮ ಮನೆಗಳ ಜೀವಾಳ. ಕೀಮೋ ಆದ ಮೊದಲ ವಾರ ಅದೇ ಶತ್ರು. ರೋಗಿ ಪಡಸಾಲೆಯಲ್ಲಿ ಗಾಳಿ ಬರುವ ಕಡೆ ಕುಳಿತಿರುವಾಗ ಅಥವಾ ಮಲಗಿರುವಾಗ ಅಡುಗೆಮನೆಯ ಬಾಗಿಲು ಹಾಕಿ ಒಗ್ಗರಣೆ ಕೊಡುವುದು, ಊಟವನ್ನು ಆರಿಸಿ ಬಡಿಸುವುದು ಸಹಾಯ ಮಾಡುತ್ತದೆ, ಏಕೆಂದರೆ ಆರಿದ ಊಟದಿಂದ ಹಬೆಯ ಜೊತೆ ಏಳುವ ವಾಸನೆ ಕಡಿಮೆ. ಮೂರು ಹೊತ್ತಿನ ತುಂಬಿದ ತಟ್ಟೆಗಿಂತ ಎರಡು ಮೂರು ತಾಸಿಗೊಮ್ಮೆ ಸಣ್ಣ ಬಟ್ಟಲು ಒಳ್ಳೆಯದು. ವಾಂತಿಯ ಮಾತ್ರೆಯನ್ನು ವಾಂತಿಯಾದ ಮೇಲೆ ಕೊಡುವುದಕ್ಕಿಂತ ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ಕೊಟ್ಟರೆ ಹೆಚ್ಚು ಕೆಲಸ ಮಾಡುತ್ತದೆ.

ಬಾಯಿಯ ಒಳಪದರ ತೆಳುವಾದಾಗ ಖಟಕ್ ರೊಟ್ಟಿ ಗಾಜಿನ ಚೂರಿನಂತೆ ಗೀರುತ್ತದೆ. ಜೋಳವನ್ನೇ ಬಿಡಬೇಕಾಗಿಲ್ಲ, ಜೋಳದ ನುಚ್ಚು, ಅಂಬಲಿ, ಹಾಲಿನಲ್ಲಿ ನೆನೆಸಿದ ಮೆತ್ತನೆಯ ರೊಟ್ಟಿ ನಡೆಯುತ್ತವೆ. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ, ಪೂರ್ತಿ ಬೆಂದ ಮೊಟ್ಟೆ, ನುಣ್ಣಗೆ ಅರೆದ ಶೇಂಗಾ, ಕಾಯಿಸಿ ಆರಿಸಿದ ಹಾಲು ದೇಹ ಕಟ್ಟುವ ಪ್ರೋಟೀನ್ ಕೊಡುತ್ತವೆ. ಮಿರ್ಚಿ ಭಜಿ, ಉಪ್ಪಿನಕಾಯಿ, ಹುಳಿಯನ್ನು ಹುಣ್ಣು ಮಾಯುವವರೆಗೆ ಪಕ್ಕಕ್ಕಿಡಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿದರೆ ಆರಾಮ ಸಿಗುತ್ತದೆ. ನೀರು ಕಾಯಿಸಿ ಆರಿಸಿದ್ದಿರಲಿ, ಹಣ್ಣು ಮನೆಯಲ್ಲಿ ತೊಳೆದು ಸಿಪ್ಪೆ ತೆಗೆದದ್ದಿರಲಿ. ರಸ್ತೆ ಬದಿಯಲ್ಲಿ ಹೆಚ್ಚಿಟ್ಟ ಕಲ್ಲಂಗಡಿ, ಕಬ್ಬಿನ ಹಾಲು ಬೇಡ. ಕರುಳಿನ ಕ್ಯಾನ್ಸರ್‌ಗೆ ಹೆಚ್ಚಾಗಿ ಬಳಸುವ ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ಪಡೆಯುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಕೆಲವು ದಿನ ಅವರಿಗೆ ತಂಪು ಆಗಿಬರುವುದಿಲ್ಲ. ಫ್ರಿಜ್ ನೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ, ತಣ್ಣನೆಯ ಪಾತ್ರೆ ಮುಟ್ಟಿದರೆ ಬೆರಳು ಚುರುಗುಟ್ಟುತ್ತವೆ. ಎಂಥ ಬೇಸಿಗೆಯಲ್ಲಿಯೂ ಅವರ ನೀರಿನ ಲೋಟ ಬೇರೆಯೇ ಇರಬೇಕಾಗುತ್ತದೆ.

ಊರಿಗೊಬ್ಬರು ಬೇರು, ಕಷಾಯ, ಭಸ್ಮ ತಂದುಕೊಡುತ್ತಾರೆ. ಕೊಡುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಕೀಮೋ ಔಷಧಿಗಳಲ್ಲಿ ಹಲವು ಯಕೃತ್ತಿನಲ್ಲಿ ಒಡೆಯುವಂಥವು, ನಾಟಿ ಔಷಧಿಗಳಲ್ಲಿಯೂ ಯಕೃತ್ತಿಗೆ ಹಾನಿ ಮಾಡುವಂಥವಿವೆ; ಎರಡೂ ಕೂಡಿದರೆ ಏನಾಗುತ್ತದೆಂದು ತಂದುಕೊಟ್ಟವರಿಗೆ ತಿಳಿದಿರುವುದಿಲ್ಲ. ವೈದ್ಯರಿಗೆ ಮುಚ್ಚಿಟ್ಟು ಏನನ್ನೂ ಕೊಡಬಾರದು.

ಮೊದಲ 48 ಗಂಟೆಗಳ ಶುಚಿತ್ವ

ಕೀಮೋ ಔಷಧಿಯ ಸ್ವಲ್ಪ ಅಂಶ ಸುಮಾರು ಎರಡು ದಿನ ಮೂತ್ರ, ಮಲ, ವಾಂತಿ, ಬೆವರಿನಲ್ಲಿ ಹೊರಬರುತ್ತದೆ. ಆ ಹೊತ್ತಿನಲ್ಲಿ ಶೌಚಾಲಯಕ್ಕೆ ಎರಡೆರಡು ಸಲ ಧಾರಾಳವಾಗಿ ನೀರು ಹಾಕುವುದು, ವಾಂತಿ ಅಥವಾ ಮಲಿನವಾದ ಬಟ್ಟೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳುವುದು, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯುವುದು, ಗರ್ಭಿಣಿಯರಿಗೆ ಈ ಕೆಲಸ ವಹಿಸದಿರುವುದು ಸಾಕು. ಮುಟ್ಟುವುದಕ್ಕೆ, ತಬ್ಬಿಕೊಳ್ಳುವುದಕ್ಕೆ, ಪಕ್ಕದಲ್ಲಿ ಮಲಗುವುದಕ್ಕೆ ಅಡ್ಡಿಯಿಲ್ಲ. ದಾಂಪತ್ಯದ ವಿಷಯ ಕೇಳಲು ಜನ ನಾಚುತ್ತಾರೆ. ಚಿಕಿತ್ಸೆ ನಡೆಯುವಾಗ ಗರ್ಭ ನಿಲ್ಲಬಾರದು, ಆ ಎರಡು ದಿನಗಳಲ್ಲಿ ಕಾಂಡೋಮ್ ಇಲ್ಲದೆ ಕೂಡಬಾರದು, ಮತ್ತು ಆಸೆಯೇ ಕಡಿಮೆಯಾಗುವುದು ಔಷಧಿ, ದಣಿವುಗಳ ಪರಿಣಾಮವೇ ಹೊರತು ಪ್ರೀತಿ ಕಡಿಮೆಯಾದದ್ದಲ್ಲ.

"ಕರೆಂಟು" ಮತ್ತು ಪರಊರಿನ ವಾಸ

ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ದಿನಕ್ಕೆ ಕೆಲವೇ ನಿಮಿಷ, ಹಲವು ವಾರ ನಡೆಯುತ್ತದೆ. ಒಂದೇ ಸಲ ಕೊಟ್ಟು ಮುಗಿಸಬಾರದೇಕೆ ಎಂದು ಎಲ್ಲರೂ ಕೇಳುತ್ತಾರೆ. ಪ್ರತಿದಿನದ ಸಣ್ಣ ಪ್ರಮಾಣದ ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ತಮ್ಮನ್ನು ದುರಸ್ತಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಆ ದುರಸ್ತಿ ಅಷ್ಟಾಗಿ ಸಾಧ್ಯವಾಗುವುದಿಲ್ಲ. ಈ ಲೆಕ್ಕದ ಮೇಲೆಯೇ ಚಿಕಿತ್ಸೆ ನಿಂತಿರುವುದರಿಂದ ಊರಿನಲ್ಲಿ ಹಬ್ಬ, ಸುಗ್ಗಿ ಎಂದು ನಡುವೆ ದಿನ ತಪ್ಪಿಸಬಾರದು.

ಹೊರಗಿನ ಯಂತ್ರದಿಂದ ರೇಡಿಯೇಷನ್ ಪಡೆದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ಆದ್ದರಿಂದ ಮಕ್ಕಳನ್ನು ದೂರವಿಡಬೇಕಾಗಿಲ್ಲ. ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡುವ ರೇಡಿಯೋ ಅಯೋಡಿನ್ ಇದಕ್ಕೆ ಹೊರತು; ಅದರಲ್ಲಿ ಕೆಲವು ದಿನ ದೂರವಿರಲು ವೈದ್ಯರೇ ಹೇಳುತ್ತಾರೆ. ಚರ್ಮದ ಮೇಲೆ ಬರೆದ ಗುರುತುಗಳನ್ನು ಉಜ್ಜಿ ತೆಗೆಯಬಾರದು. ಆ ಜಾಗಕ್ಕೆ ಪೌಡರ್, ಅರಿಶಿನ, ಎಣ್ಣೆ ಹಚ್ಚದೆ, ಸಡಿಲವಾದ ಹತ್ತಿ ಬಟ್ಟೆ ಹಾಕಬೇಕು. ಚರ್ಮ ಕಪ್ಪಾಗಿ ಉರಿಯುವುದು ಚಿಕಿತ್ಸೆಯ ಕೊನೆಯ ದಿನಗಳಲ್ಲಿ ಮತ್ತು ಮುಗಿದ ಒಂದೆರಡು ವಾರಗಳಲ್ಲಿ ಹೆಚ್ಚು.

ನಮ್ಮ ಭಾಗದ ಅನೇಕರು ಚಿಕಿತ್ಸೆಗೆ ಹೋಗುವುದು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗೆ, ಅದರದೇ ಕಲಬುರಗಿಯ ಕೇಂದ್ರಕ್ಕೆ ಅಥವಾ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ. ದಿನವೂ ಹೋಗಿಬರಲಾಗದ ದೂರವಾದ್ದರಿಂದ ಕೋಣೆ ಮಾಡಿಕೊಂಡು ಉಳಿಯಬೇಕಾಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಗಳ ಕಡೆಯವರಿಗೆ ಧರ್ಮಶಾಲೆ, ಸಾಮಾಜಿಕ ಕಾರ್ಯಕರ್ತರ ವಿಭಾಗ ಇರುತ್ತವೆ. ದುಡ್ಡು ಕೊಟ್ಟು ಕೋಣೆ ಹಿಡಿಯುವ ಮೊದಲು ಅಲ್ಲಿ ವಿಚಾರಿಸಬೇಕು.

ಹಣ, ಕಾಗದ, ಪ್ರಯಾಣ

2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಗಳನ್ನು ಒಂದುಗೂಡಿಸಲಾಯಿತು. ಇದರಡಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ನಿಗದಿಪಡಿಸಿದ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ತುರ್ತು ಪರಿಸ್ಥಿತಿ ಬಿಟ್ಟರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ಬಳ್ಳಾರಿಯವರಿಗೆ ಹಿಂದೆ ವಿಮ್ಸ್ ಎನ್ನುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಅಲ್ಲಿನ ವೈದ್ಯಕೀಯ ವಿಜ್ಞಾನ ಸಂಸ್ಥೆ ಹತ್ತಿರ. ಈ ಪತ್ರವಿಲ್ಲದೆ ನೇರವಾಗಿ ಬೆಂಗಳೂರಿಗೆ ಹೋಗಿ, ಅದೊಂದಕ್ಕಾಗಿ ಮತ್ತೆ ಊರಿಗೆ ಬಂದವರನ್ನು ನಾನು ಕಂಡಿದ್ದೇನೆ.

ರೈಲಿನಲ್ಲಿ ಚಿಕಿತ್ಸೆಗಾಗಿ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆ ಹವಾನಿಯಂತ್ರಿತ ಬೋಗಿಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಅದೇ ಬೋಗಿಗಳಲ್ಲಿ ಶೇಕಡಾ 75ರಷ್ಟು ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯಿಂದ ಪ್ರಮಾಣಪತ್ರ ಬರೆಸಿಕೊಂಡು ಟಿಕೆಟ್ ಕೌಂಟರಿನಲ್ಲಿ ತೋರಿಸಬೇಕು. ಕೊಪ್ಪಳ, ಬಳ್ಳಾರಿಯಿಂದ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಸುವ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನ ಮೇಲೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಹೆಚ್ಚಿನವರ ಆಯ್ಕೆ. ಕೀಮೋ ಆದ ದಿನವೇ ಕುಳಿತು ಬರುವುದಕ್ಕಿಂತ ಮಲಗಿ ಬರುವುದು ಎಷ್ಟೋ ವಾಸಿ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ಸಾಮಾನ್ಯ ಬಸ್ಸುಗಳಿಗೆ ಮಾತ್ರ.

ಒಂದು ಮಾತು ಫೈಲಿನ ಬಗ್ಗೆ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಾರಾಂಶ, ಪ್ರತಿ ಸುತ್ತಿನ ಔಷಧಿ ಚೀಟಿ, ಇತ್ತೀಚಿನ ರಕ್ತಪರೀಕ್ಷೆಗಳನ್ನು ತಾರೀಖಿನ ಕ್ರಮದಲ್ಲಿ ಹೊಂದಿಸಿ, ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಮಧ್ಯರಾತ್ರಿ ಬೇರೆ ಆಸ್ಪತ್ರೆಗೆ ಓಡಬೇಕಾದಾಗ ಅದೇ ಆಧಾರ.

ರೋಗಿಗೆ ಹೇಳಬೇಕೆ? ನೆಂಟರಿಗೆ ಏನು ಹೇಳಬೇಕು?

"ಅವರಿಗೆ ಗೊತ್ತಾಗಬಾರದು ಡಾಕ್ಟ್ರೆ" ಎಂದು ಮನೆಯವರು ಬಾಗಿಲ ಹೊರಗೆ ಕೈಮುಗಿಯುವುದು ನಮ್ಮಲ್ಲಿ ಬಹಳ. ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ. ಆದರೆ ತನಗೇನಾಗಿದೆಯೆಂದು ತಿಳಿಯದ ರೋಗಿ ಬಾಯಿಹುಣ್ಣನ್ನು, ಚಳಿಯನ್ನು, ಕೈಕಾಲಿನ ಜೋಮನ್ನು ದೊಡ್ಡದೆಂದು ಎಣಿಸುವುದಿಲ್ಲ, ಹೇಳುವುದೂ ಇಲ್ಲ. ವಾರ್ಡಿನ ಹೆಸರು ಓದಿ, ಪಕ್ಕದವರ ಬೋಳುತಲೆ ನೋಡಿ ಅವರಿಗೆ ಬೇಗನೇ ಅರ್ಥವಾಗಿರುತ್ತದೆ. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ನಟಿಸುತ್ತ ಒಂಟಿಯಾಗುತ್ತಾರೆ. ಎಷ್ಟು ತಿಳಿಯಬೇಕೆಂದು ರೋಗಿಯನ್ನೇ ಕೇಳಿ ಅಷ್ಟನ್ನು ಹೇಳುವುದು ಸರಿಯಾದ ದಾರಿಯೆಂದು ನನ್ನ ಅನುಭವ.

ನೆಂಟರು ನೋಡಲು ಬರುವುದು ನಮ್ಮ ಕಡೆಯ ರೀತಿ, ಬಾರದಿದ್ದರೆ ಬೇಸರ. ಬಿಳಿಕಣ ಇಳಿದ ಏಳರಿಂದ ಹದಿನಾಲ್ಕನೆಯ ದಿನದವರೆಗೆ ಗುಂಪು ಬೇಡ, ಕೆಮ್ಮು ನೆಗಡಿ ಇದ್ದವರು ಯಾವಾಗಲೂ ಬೇಡ ಎಂದು ಮನೆಯವರೇ ಹೇಳಬೇಕು. ರೋಗಿಯ ಬಾಯಿಂದ ಹೇಳಿಸಬಾರದು. ಏನಾದರೂ ಮಾಡಲೇ ಎಂದು ಕೇಳುವ ಅಕ್ಕಪಕ್ಕದವರಿಗೆ ಒಂದು ನಿಶ್ಚಿತ ಕೆಲಸ ಕೊಡುವುದು ಒಳ್ಳೆಯದು. ನಮ್ಮ ಎದುರು ಮನೆಯವರು ಮೂರನೆಯ ಮತ್ತು ನಾಲ್ಕನೆಯ ದಿನ ಮಕ್ಕಳ ಊಟದ ಡಬ್ಬಿಯನ್ನು ಒಂದು ಸಲವೂ ತಪ್ಪಿಸಲಿಲ್ಲ.

ಹೆಂಗಸು ಕಾಯಿಲೆ ಬಿದ್ದ ಮನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಖರ್ಚಿಗೆ ಹೆದರಿ, ಗಂಡನ ದುಡಿಮೆ ಹಾಳಾಗುತ್ತದೆಂದು ಅವರು ಜ್ವರವನ್ನೇ ಮುಚ್ಚಿಡುತ್ತಾರೆ. "ಹೇಗಿದ್ದೀಯ?" ಎಂದು ಕೇಳಿದರೆ "ಆರಾಮ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇವತ್ತು ಎಷ್ಟು ಸಲ ವಾಂತಿಯಾಯಿತು, ಎಷ್ಟು ಲೋಟ ನೀರು ಕುಡಿದೆ, ಥರ್ಮಾಮೀಟರ್ ಎಷ್ಟು ತೋರಿಸಿತು ಎಂದು ಕೇಳಿದರೆ ಮಾತ್ರ ನಿಜ ಹೊರಬರುತ್ತದೆ.

ನೋವಿನ ಔಷಧಿಯ ಭಯ

ಉಪಶಮನ ಆರೈಕೆ ಎಂದರೆ ಕೊನೆಯ ದಿನಗಳ ಆರೈಕೆ ಎಂದು ತಿಳಿಯುವುದು ತಪ್ಪು. ನೋವು, ವಾಕರಿಕೆ, ನಿದ್ರಾಹೀನತೆಯನ್ನು ಹತೋಟಿಗೆ ತರುವ ಈ ವಿಭಾಗದ ಸಹಾಯವನ್ನು ಚಿಕಿತ್ಸೆಯ ಮೊದಲ ದಿನದಿಂದಲೇ ಪಡೆಯಬಹುದು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಗೆ ಜನ ಹೆದರುತ್ತಾರೆ. ವೈದ್ಯರ ನಿಗಾದಲ್ಲಿ ನೋವಿಗಾಗಿ ಪಡೆದಾಗ ಅದು ಚಟವಾಗುವುದು ಅಪರೂಪ. ನೋವು ಬಂದಾಗ ಕೊಡುವುದಕ್ಕಿಂತ ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಆಗಿಯೇ ಆಗುವುದರಿಂದ ಅದರ ಮಾತ್ರೆಯನ್ನೂ ಜೊತೆಗೇ ಬರೆಸಿಕೊಳ್ಳಬೇಕು.

ನೋಡಿಕೊಳ್ಳುವವರ ದೇಹ

ಐದನೆಯ ಸುತ್ತಿನ ಹೊತ್ತಿಗೆ ನನಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಅವಳ ಉಸಿರು ಕೇಳುತ್ತದೆಯೇ ಎಂದು ಆಲಿಸುತ್ತ ಕೂರುವುದು ರೂಢಿಯಾಗಿತ್ತು. ಬಿಪಿ ಮಾತ್ರೆ ನುಂಗಲು ಮರೆಯುತ್ತಿದ್ದೆ. ಮಕ್ಕಳ ಮೇಲೆ ರೇಗುತ್ತಿದ್ದೆ. ಇದು ನನ್ನೊಬ್ಬನ ಸ್ವಭಾವದ ದೋಷವಲ್ಲ. ತಿಂಗಳುಗಟ್ಟಲೆ ಆರೈಕೆ ಮಾಡುವವರಲ್ಲಿ ನಿದ್ರಾಹೀನತೆ, ಸಿಟ್ಟು, ಖಿನ್ನತೆ ಸಾಮಾನ್ಯವೆಂದು ವೈದ್ಯರು ಗುರುತಿಸಿದ್ದಾರೆ. ಎರಡು ವಾರ ಕಳೆದರೂ ಯಾವುದರಲ್ಲಿಯೂ ಮನಸ್ಸು ನಿಲ್ಲದಿದ್ದರೆ, ಸತ್ತರೆ ಸಾಕೆನಿಸಿದರೆ, 14416 ಸಂಖ್ಯೆಗೆ ಕರೆ ಮಾಡಬಹುದು. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತನಾಡಬಹುದು. ನನ್ನ ಮಟ್ಟಿಗೆ ಪರಿಹಾರ ಸಿಕ್ಕಿದ್ದು ತಮ್ಮನನ್ನು ಕರೆಸಿಕೊಂಡು ವಾರಕ್ಕೆ ಎರಡು ರಾತ್ರಿ ಅವನಿಗೆ ವಹಿಸಿದಾಗ. ಕೆಂಪು ಅಂಕಿಗಳ ಕ್ಯಾಲೆಂಡರ್ ಗೋಡೆಯ ಮೇಲೆ ಇದ್ದುದರಿಂದ ಅವನಿಗೆ ಹೆಚ್ಚು ಹೇಳಿಕೊಡಬೇಕಾಗಲಿಲ್ಲ.

ಮುಗಿಯಿತು ಎಂದ ಮೇಲೆ

ಕೊನೆಯ ಸುತ್ತು ಮುಗಿದ ಮರುದಿನವೇ ಹಳೆಯ ಶಕ್ತಿ ಬರುವುದಿಲ್ಲ. ದಣಿವು ತಿಂಗಳುಗಟ್ಟಲೆ ಉಳಿಯಬಹುದು. ಪ್ಯಾಕ್ಲಿಟಾಕ್ಸೆಲ್‌ನಂತಹ ಔಷಧಿಗಳಿಂದ ಬಂದ ಬೆರಳುಗಳ ಜೋಮು ನಿಧಾನವಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಬರಿಗಾಲಲ್ಲಿ ನಡೆಯುವಾಗ, ಬಿಸಿ ಹಂಚು ಮುಟ್ಟುವಾಗ ಎಚ್ಚರ ಬೇಕು, ಏಕೆಂದರೆ ಸುಟ್ಟದ್ದು ಗೊತ್ತಾಗುವುದು ತಡವಾಗಿ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಕೈ ಬಾವು ಬರಬಹುದು. ವ್ಯಾಯಾಮ ಬಿಡದೆ ಮಾಡಿಸಬೇಕು, ಗಾಯವಾಗದಂತೆ ನೋಡಿಕೊಳ್ಳಬೇಕು. ಕೂದಲು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮರಳಿ ಬರುತ್ತದೆ, ಮೊದಮೊದಲು ಗುಂಗುರಾಗಿಯೂ ಬರುವುದುಂಟು.

ಸ್ತನ ಕ್ಯಾನ್ಸರ್‌ನಲ್ಲಿ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ತಪಾಸಣೆಗೆ ಕರೆಯುವುದು ವಾಡಿಕೆ. ಹಾರ್ಮೋನಿಗೆ ಸ್ಪಂದಿಸುವ ಬಗೆಯಾಗಿದ್ದರೆ ಟ್ಯಾಮಾಕ್ಸಿಫೆನ್‌ನಂತಹ ಮಾತ್ರೆಯನ್ನು ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ದಿನ ನುಂಗಬೇಕು. ಆರಾಮಾಗಿದ್ದೇವೆ ಎಂದು ನಡುವೆ ನಿಲ್ಲಿಸಬಾರದು. ತಪಾಸಣೆಯ ಹಿಂದಿನ ವಾರ ಮನೆಯಲ್ಲಿ ಎಲ್ಲರ ಮಾತು ಕಡಿಮೆಯಾಗುತ್ತದೆ, ಅದು ಸಹಜ. ನಮ್ಮ ಈ ವರ್ಷದ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನ ಗುರುತು ಮೂರು ತಿಂಗಳಿಗೊಂದು ಮಾತ್ರ ಇದೆ, ಅದನ್ನು ಬರೆದವಳು ಅವಳೇ.